ಟ್ಯೂಬ್ ಮ್ಯಾಪ್ ಹೇಳದ ಮಾತು

ಆಫೀಸಿನ ಕೆಲಸಕ್ಕೋ ಪ್ರವಾಸಕ್ಕೋ ಲಂಡನ್ನಿಗೆ ಹೊರಟ ಗೆಳೆಯರಿಗೆ ನಾನು ಹೇಳೋದು ಇಷ್ಟೇ: ಟ್ಯೂಬ್ ಮ್ಯಾಪ್ ನೋಡಿ ರೈಲು ಹತ್ತಿ, ಆದರೆ ಅದರಲ್ಲಿ ದೂರ ಅಳೆಯಬೇಡಿ.

1863ರ ಜನವರಿ 10ರಂದು ಪ್ಯಾಡಿಂಗ್ಟನ್‌ನಿಂದ ಫ್ಯಾರಿಂಗ್ಡನ್‌ಗೆ ಜಗತ್ತಿನ ಮೊದಲ ಸುರಂಗ ರೈಲು ಜನರಿಗಾಗಿ ಓಡಿತು. ಎಳೆದದ್ದು ಉಗಿಬಂಡಿ, ಸುರಂಗದ ತುಂಬ ಹೊಗೆ. 1890ರಲ್ಲಿ ವಿದ್ಯುತ್ ರೈಲು ಬಂದಮೇಲೆ ಇನ್ನೂ ಆಳಕ್ಕಿಳಿಯೋದು ಸಾಧ್ಯವಾಯಿತು. ಇದನ್ನೆಲ್ಲ ಶುರುಮಾಡಿದ್ದು ಸರ್ಕಾರವಲ್ಲ, ಪೈಪೋಟಿಗೆ ಬಿದ್ದ ಖಾಸಗಿ ಕಂಪನಿಗಳು. ಹಾಗಾಗಿಯೇ ಇವತ್ತಿಗೂ ಹ್ಯಾಮರ್‌ಸ್ಮಿತ್ ಹೆಸರಿನ ಎರಡು ಸ್ಟೇಷನ್‌ಗಳು ರಸ್ತೆಯ ಆಚೆ ಒಂದು, ಈಚೆ ಒಂದು ನಿಂತಿವೆ. ಎಡ್ಜ್‌ವೇರ್ ರೋಡ್ ಹೆಸರಿನವೂ ಎರಡು. ಯಾರಾದರೂ 'ಅಲ್ಲಿ ಸಿಗೋಣ' ಅಂದರೆ ಸ್ಟೇಷನ್ ಜತೆಗೆ ಲೈನಿನ ಹೆಸರನ್ನೂ ಕೇಳಿಕೊಳ್ಳಿ.

1933ರಲ್ಲಿ ಈ ಲೈನುಗಳೆಲ್ಲ ಒಂದೇ ಸಾರ್ವಜನಿಕ ಮಂಡಳಿಯ ಕೈಗೆ ಬಂದವು. ಅದೇ ವರ್ಷ ಹ್ಯಾರಿ ಬೆಕ್ ಎಂಬ ನಕ್ಷೆಗಾರನ ಮ್ಯಾಪೂ ಅಚ್ಚಾಯಿತು. ಮೊದಲು ತೋರಿಸಿದಾಗ ಮೇಲಿನವರು ಬೇಡ ಅಂದಿದ್ದರು. ಅವನ ಲೆಕ್ಕ ಸರಳ: ನೆಲದಡಿ ಹೋಗುವವನಿಗೆ ಮೇಲಿನ ಬೀದಿಗಳು ಯಾಕೆ? ಎಲ್ಲಿ ಹತ್ತಬೇಕು, ಎಲ್ಲಿ ಬದಲಿಸಬೇಕು, ಎಲ್ಲಿ ಇಳಿಯಬೇಕು, ಅಷ್ಟು ಸಾಕು. ಗೆರೆಗಳನ್ನು ನೇರ ಮಾಡಿದ, ಕಿಕ್ಕಿರಿದ ನಡುಭಾಗವನ್ನು ಹಿಗ್ಗಿಸಿದ, ಹೊರವಲಯವನ್ನು ಕುಗ್ಗಿಸಿದ. ಜನ ಅದನ್ನು ತಕ್ಷಣ ಒಪ್ಪಿಕೊಂಡರು.

ಆದರೆ ಈ ಸರಳತೆಗೆ ಬೆಲೆಯೂ ಇದೆ. ಲೆಸ್ಟರ್ ಸ್ಕ್ವೇರ್‌ನಿಂದ ಕಾವೆಂಟ್ ಗಾರ್ಡನ್‌ಗೆ 300 ಮೀಟರೂ ಇಲ್ಲ; ಮ್ಯಾಪ್ ನಂಬಿದವರು ದುಡ್ಡು ಕೊಟ್ಟು ರೈಲು ಹತ್ತುತ್ತಾರೆ. ಥೇಮ್ಸ್‌ನ ದಕ್ಷಿಣದಲ್ಲಿ ಟ್ಯೂಬ್ ಸ್ಟೇಷನ್‌ಗಳು ಕಮ್ಮಿ, ಹಾಗಾಗಿ ಆ ಭಾಗ ಖಾಲಿ ಖಾಲಿ ಕಾಣುತ್ತೆ. ನಿಜದಲ್ಲಿ ಅಲ್ಲಿ ನೆಲದ ಮೇಲಿನ ರೈಲುಗಳು ಬೇಕಾದಷ್ಟಿವೆ. ಅಲ್ಲಿ ಬಾಡಿಗೆ ಮನೆ ಹುಡುಕುವವರು ಟ್ಯೂಬ್ ಮ್ಯಾಪ್ ಒಂದನ್ನೇ ನೋಡಿದರೆ ಅರ್ಧ ಊರನ್ನೇ ಬಿಟ್ಟಂತೆ.

ಅಪ್ಪ ಅಮ್ಮನನ್ನು ಕರೆದೊಯ್ಯುವವರು ಇನ್ನೊಂದು ನೋಡಬೇಕು. ಅರ್ಧಕ್ಕಿಂತ ಹೆಚ್ಚು ಸ್ಟೇಷನ್‌ಗಳಲ್ಲಿ ಮೆಟ್ಟಿಲು ತಪ್ಪಿದ್ದಲ್ಲ. ಎಷ್ಟೋ ಸ್ಟೇಷನ್‌ಗಳನ್ನು ಕಟ್ಟಿದ ಕಾಲದಲ್ಲಿ ಗಾಲಿಕುರ್ಚಿಯವರ ಯೋಚನೆಯೇ ಇರಲಿಲ್ಲ. ಮ್ಯಾಪ್‌ನಲ್ಲಿ ಗಾಲಿಕುರ್ಚಿಯ ಗುರುತಿರುವ ಕಡೆಯೇ ಇಳಿಯಿರಿ.

ಉಳಿದದ್ದು ಸುಲಭ. ಒಳಗೆ ಹೋಗುವಾಗ ಮುಟ್ಟಿಸಿದ ಕಾರ್ಡನ್ನೇ ಹೊರಗೆ ಬರುವಾಗಲೂ ಮುಟ್ಟಿಸಿ. ಒಂದು ಕಡೆ ಕಾರ್ಡು, ಇನ್ನೊಂದು ಕಡೆ ಫೋನು ಬೇಡ. ಎಸ್ಕಲೇಟರ್‌ನಲ್ಲಿ ಬಲಕ್ಕೆ ನಿಲ್ಲಿ. ಮತ್ತೆ, ದಿನಕ್ಕೊಮ್ಮೆಯಾದರೂ ಒಂದು ಸ್ಟೇಷನ್ ಮೊದಲೇ ಇಳಿದು ನಡೆಯಿರಿ. ಬೆಕ್ ಬಿಟ್ಟ ಬೀದಿಗಳೆಲ್ಲ ಅಲ್ಲೇ ಇವೆ.