ಎಳ್ಳಮಾವಾಸ್ಯೆಯ ಚರಗ

ಚಾಂದ್ರಮಾನ ಮಾರ್ಗಶಿರ ಮಾಸದ ಬಹುಳ ಅಮಾವಾಸ್ಯೆಯಂದು ಒಕ್ಕಲು ಮನೆತನದವರು ಹಿಂದಿನ ರಾತ್ರಿಯಿಂದಲೇ ಅಡಿಗೆ ಸಿದ್ಧಪಡಿಸಿಕೊಂಡು, ಬಂಧುಬಳಗದೊಡನೆ ತಮ್ಮ ಹೊಲಕ್ಕೆ ಹೋಗಿ, ಭೂಮಿಗೂ ನಿಂತ ಪೈರಿಗೂ ಪೂಜೆ ಸಲ್ಲಿಸಿ, ಬೆಳೆಯ ಮೇಲೆ ಅನ್ನವನ್ನು ಎರಚಿ, ತರುವಾಯ ಅಲ್ಲಿಯೇ ಪಂಕ್ತಿಯಾಗಿ ಕುಳಿತು ಉಣ್ಣುವ ವಾರ್ಷಿಕ ಆಚರಣೆ. ಹೀಗೆ ಎರಚುವ ಅನ್ನಕ್ಕೆ ಚರಗವೆಂದು ಹೆಸರು. ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳಲ್ಲಿ ಇದು ವರ್ಷದ ಹಿರಿಯ ಹಬ್ಬಗಳಲ್ಲೊಂದು. ಬೀದರ, ವಿಜಯಪುರ, ಬಾಗಲಕೋಟೆಗಳಲ್ಲಿಯೂ, ಮಹಾರಾಷ್ಟ್ರಕ್ಕೆ ಸೇರಿದ ಅಕ್ಕಲಕೋಟೆ, ಲಾತೂರು, ಧಾರಾಶಿವ ಸೀಮೆಗಳಲ್ಲಿಯೂ ಉಂಟು. ಹಬ್ಬ ತಿಥಿಯನ್ನು ಅನುಸರಿಸುವುದರಿಂದ ಇಂಗ್ಲಿಷ್ ತಾರೀಖಿನಲ್ಲಿ ಅದು ಡಿಸೆಂಬರ್ ನಡುಭಾಗದಿಂದ ಜನವರಿಯ ನಡುಭಾಗದ ಪರ್ಯಂತ ಓಲಾಡುತ್ತದೆ. 2024ನೆಯ ಇಸವಿಯಂತೂ ಜನವರಿ 11ರಂದು ಒಂದು, ಡಿಸೆಂಬರ್ 30ರಂದು ಇನ್ನೊಂದು, ಹೀಗೆ ಎರಡು ಎಳ್ಳಮಾವಾಸ್ಯೆಗಳನ್ನು ಕಂಡಿತು.

ಮಾನ್ಯಖೇಟ, ಕಲ್ಯಾಣಗಳಂಥ ರಾಜಧಾನಿಗಳನ್ನು ಸಮೀಪದಲ್ಲಿಟ್ಟುಕೊಂಡಿರುವ ಈ ಸೀಮೆಯಲ್ಲಿ ಶಾಸನಗಳಿಗೆ ಬರವಿಲ್ಲ. ಆದರೆ ಈ ಹಬ್ಬದ ಚರಿತ್ರೆಯನ್ನು ಅರಿಯಬಯಸುವವನು ಶಿಲೆಯನ್ನು ಬಿಟ್ಟು ಮೊದಲು ಮಣ್ಣನ್ನು ಓದತಕ್ಕದ್ದು. ಭೀಮೆಯ ಎರಡೂ ದಂಡೆಗಳಲ್ಲಿ, ಅವಳನ್ನು ಗಾಣಗಾಪುರದ ಬಳಿ ಕೂಡಿಕೊಳ್ಳುವ ಅಮರ್ಜಾ ನದಿಯ ಬಯಲಿನಲ್ಲಿ, ಹರಡಿಕೊಂಡಿರುವ ಎರೆಭೂಮಿಯು ಮುಂಗಾರಿನ ನೀರನ್ನು ಕುಡಿದು ತಿಂಗಳುಗಟ್ಟಲೆ ಹಿಡಿದಿಟ್ಟುಕೊಳ್ಳುತ್ತದೆ. ಮಳೆಗಾಲದ ಕೊನೆಗೆ, ಸೆಪ್ಟೆಂಬರ್–ಅಕ್ಟೋಬರ್ ತಿಂಗಳಲ್ಲಿ ಬಿತ್ತಿದ ಹಿಂಗಾರಿ ಜೋಳವು ಈ ಸಂಚಿತ ತೇವವನ್ನೂ ಚಳಿಗಾಲದ ಇಬ್ಬನಿಯನ್ನೂ ನಂಬಿ ಬೆಳೆದು, ಮಾರ್ಗಶಿರದ ಅಂತ್ಯಕ್ಕೆ ತೆನೆ ಹಿರಿಯುವ ಇಲ್ಲವೆ ಹಾಲುಗಾಳು ಕಟ್ಟುವ ಹೊತ್ತಿಗೆ ಬಂದಿರುತ್ತದೆ. ಕಡಲೆ ಹೂವು ಬಿಟ್ಟು ಕಾಯಿಗೆ ತಿರುಗಿರುತ್ತದೆ, ಅಗಸೆ ನೀಲಿಯಾಗಿರುತ್ತದೆ, ಮುಂಗಾರಿಯಲ್ಲಿ ಬಿತ್ತಿದ ತೊಗರಿಯೋ ಕಟಾವಿಗೆ ಬಂದು ಗಿಲಕಿಯಂತೆ ಸದ್ದು ಮಾಡುತ್ತಿರುತ್ತದೆ. ಒಂದು ಬೆಳೆ ಕೈಗೆ ಬರುವ, ಇನ್ನೊಂದು ಬೆಳೆ ಗರ್ಭ ಧರಿಸಿರುವ ಈ ಸಂಧಿಕಾಲವೇ ಹಬ್ಬದ ನಿಜವಾದ ಮುಹೂರ್ತ. ಅಮಾವಾಸ್ಯೆ ಮತ್ತು ಎಳ್ಳು ಎರಡೂ ಸೇರಿದಲ್ಲಿ ಪಿತೃಕಾರ್ಯವನ್ನು ನೆನೆಯುವುದು ವೈದಿಕ ಪದ್ಧತಿ. ಇಲ್ಲಿಯ ಒಕ್ಕಲಿಗನಿಗೆ ಮಾತ್ರ ಆ ದಿನ ಮುಖ್ಯಳಾದವಳು ಬಸುರಿಯಾದ ಭೂದೇವಿ. ಧಾರವಾಡ, ಬೆಳಗಾವಿ ಕಡೆಯವರು ಇದೇ ಬಯಕೆಯೂಟವನ್ನು ಆಶ್ವೀಜದ ಸೀಗಿ ಹುಣ್ಣಿಮೆಯಂದು ಅವಳಿಗೆ ಉಣಿಸುತ್ತಾರೆ. ಮಲೆನಾಡಿನಲ್ಲಿ ಅದೇ ಭೂಮಿ ಹುಣ್ಣಿಮೆ. ತಿಥಿಗಳು ಬೇರೆಯಾದುದಕ್ಕೆ ಶಾಸ್ತ್ರಭೇದಕ್ಕಿಂತ ಬೆಳೆಯ ಭೇದವೇ ಕಾರಣವೆಂದು ಹೇಳಿದರೆ ತಪ್ಪಾಗಲಾರದು.

ಅಡಿಗೆಯ ವಿಷಯವನ್ನು ವಿಸ್ತಾರವಾಗಿಯೇ ಹೇಳಬೇಕು. ಏಕೆಂದರೆ ಈ ಹಬ್ಬದಲ್ಲಿ ನೈವೇದ್ಯವೇ ಮಂತ್ರ. ಎಲ್ಲಕ್ಕೂ ಪ್ರಧಾನವಾದುದು ಭಜ್ಜಿ. ದಕ್ಷಿಣದ ವಾಚಕರು ಇದನ್ನು ಎಣ್ಣೆಯಲ್ಲಿ ಕರಿದ ತಿಂಡಿಯೆಂದು ಭ್ರಮಿಸಬಾರದು. ಮೆಂತೆ, ಪುಂಡಿ, ಹುಳಿಚಿಕ್ಕಿ, ಕಡಲೆಯ ಎಳೆಕುಡಿ, ಹಸಿ ತೊಗರಿಕಾಳು, ಅವರೆ, ಬದನೆ, ಗಜ್ಜರಿ, ಹಸಿ ಉಳ್ಳಾಗಡ್ಡಿ, ಬಳ್ಳೊಳ್ಳಿ, ಶೇಂಗಾ ಮೊದಲಾಗಿ ಆ ಋತುವಿನಲ್ಲಿ ಹೊಲವೂ ಸಂತೆಯೂ ಕೊಡಬಲ್ಲ ಸಕಲ ಪಲ್ಲೆ ಕಾಯಿ ಕಾಳುಗಳನ್ನು ದೊಡ್ಡ ಪಾತ್ರೆಯಲ್ಲಿ ಒಟ್ಟಿಗೆ ಕುದಿಸಿ, ಹುಣಸೆಯ ಹುಳಿಯಿಟ್ಟು, ಕಡಲೆಹಿಟ್ಟು ಕದಡಿ ಹೊಯ್ದು ಗಟ್ಟಿ ಮಾಡಿದ ವ್ಯಂಜನವದು. ಎಷ್ಟು ಬಗೆಯ ಪಲ್ಲೆ ಬಿದ್ದಿದೆಯೆಂಬುದರ ಮೇಲೆ ಗೃಹಿಣಿಯ ಕೀರ್ತಿ ನಿಂತಿರುತ್ತದೆ. ಇದಕ್ಕೆ ಜೊತೆಯಾಗಿ, ತಟ್ಟುವಾಗಲೇ ಮೈತುಂಬ ಎಳ್ಳು ಹಚ್ಚಿ ಕಟಿಕಟಿಯಾಗಿ ಬೇಯಿಸಿದ ಸಜ್ಜೆಯ ರೊಟ್ಟಿ, ಜೋಳದ ಹಿಟ್ಟನ್ನು ಉಂಡೆಮಾಡಿ ಬೇಯಿಸಿದ ಕಡಬು, ಶೇಂಗಾ ಹೋಳಿಗೆ, ಎಳ್ಳಿನ ಹೋಳಿಗೆ, ಅಗಸಿ, ಗುರೆಳ್ಳು, ಶೇಂಗಾಗಳ ಹಿಂಡಿ, ಎಣ್ಣೆಗಾಯಿ, ಗಟ್ಟಿ ಮೊಸರು. ಜೋಳದ ನುಚ್ಚನ್ನೋ ಹಿಟ್ಟನ್ನೋ ಬೇಯಿಸಿ, ಆರಿಸಿ, ಮಜ್ಜಿಗೆ ಬೆರಸಿ, ಬಳ್ಳೊಳ್ಳಿ ಜಜ್ಜಿ ಹಾಕಿದ ಅಂಬಲಿಯನ್ನು ಹೊಸ ಗಡಿಗೆಯಲ್ಲಿ ತುಂಬುವರು. ಹೆಂಗಸರು ಈ ಅಡಿಗೆಗಾಗಿ ನಿದ್ದೆಗೆಡುವ ರಾತ್ರಿಯ ಶ್ರಮವನ್ನು ಹಬ್ಬದ ವರ್ಣನೆ ಬರೆಯುವ ಗಂಡಸರು ಬಹುಶಃ ಒಂದು ವಾಕ್ಯದಲ್ಲಿ ಮುಗಿಸಿಬಿಡುತ್ತಾರೆ; ರೊಟ್ಟಿಯನ್ನಂತೂ ವಾರದ ಮುಂಚಿನಿಂದಲೇ ಬಡಿದು ಒಟ್ಟಬೇಕಾಗುತ್ತದೆ.

ಹೊಲದಲ್ಲಿ ಪೂಜೆಯ ಸ್ಥಾನ ಸಾಮಾನ್ಯವಾಗಿ ಬನ್ನಿಯ ಗಿಡದ ಬುಡ. ಅದಿಲ್ಲದಲ್ಲಿ ನಾಲ್ಕಾರು ಜೋಳದ ದಂಟುಗಳನ್ನು ತುದಿಯಲ್ಲಿ ಸೇರಿಸಿ ಕಟ್ಟಿದ ಚಿಕ್ಕ ಗೂಡು. ಅದರೊಳಗೆ ಐದು ಕಲ್ಲುಗಳನ್ನಿರಿಸಿ ಸುಣ್ಣ ಬಳಿದು ಪಾಂಡವರೆಂದು ಕರೆಯುವರು. ಭಾರತಕಥೆಯ ವನವಾಸಿಗಳು ರೈತನ ಹೊಲಗಾವಲಿಗೆ ಹೇಗೆ ಬಂದು ನಿಂತರೆಂಬುದಕ್ಕೆ ಪಂಡಿತರು ಏನು ಸಮಾಧಾನ ಹೇಳಿದರೂ, ಹಳ್ಳಿಯವನಿಗೆ ಅದರಲ್ಲಿ ಸೋಜಿಗವೇನೂ ಕಾಣದು. ಸೀರೆ, ಕುಪ್ಪಸ, ಹಸಿರು ಬಳೆಗಳನ್ನಿಟ್ಟು ಮುತ್ತೈದೆಯರು ಭೂಮಿತಾಯಿಗೆ ಉಡಿ ತುಂಬುತ್ತಾರೆ. ಅನಂತರ ಚರಗ ಚೆಲ್ಲುವ ಕ್ರಮ. ಭಜ್ಜಿ, ಕಡಬು, ಅನ್ನಗಳನ್ನು ಕಲಸಿದ ಬುಟ್ಟಿಯನ್ನು ಹಿಡಿದು ಒಬ್ಬನು ಮುಂದೆ ನಡೆಯುತ್ತ ಹಿಡಿಹಿಡಿಯಾಗಿ ಬೆಳೆಯ ಮೇಲೆ ಎಸೆಯುವನು. ಇನ್ನೊಬ್ಬನು ತಂಬಿಗೆಯ ನೀರನ್ನು ಚಿಮುಕಿಸುತ್ತ ಹಿಂಬಾಲಿಸುವನು. ಮುಂದಿನವನು ಒಂದು ಕೂಗು ಹಾಕಿದರೆ ಹಿಂದಿನವನು ಅದಕ್ಕೆ ಪ್ರತಿಕೂಗು ಕೊಡಬೇಕು. ಊರೂರಿಗೆ ಉಚ್ಚಾರ ಬದಲಾಗುವ ಈ ಕೂಗು ಒಂದು ಹೊಲದಿಂದ ಎದ್ದು ನೆರೆಯ ಹೊಲಕ್ಕೆ ಹತ್ತಿ, ನಡುಹಗಲಿನ ಹೊತ್ತಿಗೆ ಇಡೀ ಎರೆಯನ್ನು ತುಂಬುತ್ತದೆ. ಮರಾಠಿ ಸೀಮೆಯ ಲಾತೂರಿನ ಕಡೆಗೂ ಇಂಥದೇ ಕೂಗು ಕೇಳಿಬರುವುದೆಂಬುದು, ಭಾಷೆಯ ಗಡಿಗೆ ಮುಂಚೆ ಬೆಳೆಯ ಗಡಿ ಇದ್ದಿತೆಂಬುದಕ್ಕೆ ಒಳ್ಳೆಯ ಸಾಕ್ಷ್ಯ. ಎರಚಿದ ಅನ್ನವನ್ನು ಹಕ್ಕಿ, ಇರುವೆ, ಹುಳುಹುಪ್ಪಟೆಗಳು ತಿನ್ನುವುವು. ಅವುಗಳ ಪಾಲು ಸಂದ ಮೇಲಲ್ಲದೆ ಮನುಷ್ಯನ ಊಟ ಆರಂಭವಾಗಕೂಡದು.

ಊಟಕ್ಕೆ ಕೂಡುವವರು ಯಾರೆಂಬುದು ಹೊಲ ಯಾರದೆಂಬುದನ್ನು ಅವಲಂಬಿಸಿದ ವಿಷಯ. ಆದುದರಿಂದ ಈ ಹಬ್ಬದ ಚರಿತ್ರೆ ಅರ್ಧಕ್ಕೆ ಅರ್ಧ ಭೂಸ್ವಾಮ್ಯದ ಚರಿತ್ರೆ. ನಿಜಾಮರ ಆಳಿಕೆಯಲ್ಲಿ ಈ ಪ್ರಾಂತದ ಎಷ್ಟೋ ಭೂಮಿ ಜಹಗೀರುದಾರರ ಮತ್ತು ದೇಶಮುಖರ ಅಂಕಿತಕ್ಕೆ ಒಳಪಟ್ಟಿದ್ದು, ಉಳುವವನು ಎಷ್ಟೋ ಕಡೆ ಪಾಲಿಗೆ ಮಾಡುವವನು ಮಾತ್ರನಾಗಿದ್ದನು. ಒಡೆಯನ ಬಂಡಿ ಬಂದು, ಒಡೆಯನ ಬಳಗ ಉಂಡು ಎದ್ದ ಮೇಲೆ, ಆಳುಮಕ್ಕಳಿಗೂ ಆಯಗಾರರಿಗೂ ಬೇರೆ ಪಂಕ್ತಿಯಲ್ಲಿ ಬಡಿಸುವುದು ವಾಡಿಕೆಯಾಗಿದ್ದಿತು. ಕೆಲವರು ಸೆರಗೊಡ್ಡಿ ಒಯ್ಯಬೇಕಾಗಿದ್ದಿತು. 1948ರ ಸೆಪ್ಟೆಂಬರಿನಲ್ಲಿ ಹೈದರಾಬಾದ್ ಸಂಸ್ಥಾನ ಭಾರತದಲ್ಲಿ ವಿಲೀನಗೊಂಡು, ಮರುವರ್ಷ ಜಹಗೀರುಗಳು ರದ್ದಾಗಿ, 1950ರಲ್ಲಿ ಗೇಣಿದಾರರ ರಕ್ಷಣೆಯ ಕಾಯಿದೆ ಬಂದಿತು. 1956ರ ನವೆಂಬರ್ 1ರಂದು ಕಲಬುರಗಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ ತರುವಾಯ, 1974ರಲ್ಲಿ ಜಾರಿಗೆ ಬಂದ ಭೂಸುಧಾರಣೆಯ ತಿದ್ದುಪಡಿ ಗೇಣಿಪದ್ಧತಿಯ ಬೇರಿಗೆ ಕೊಡಲಿಯಿಟ್ಟಿತು. ಅಲ್ಲಿಯವರೆಗೆ ಪರರ ಹೊಲದ ಊಟಕ್ಕೆ ಕರೆಯಿಸಿಕೊಳ್ಳುತ್ತಿದ್ದ ಎಷ್ಟೋ ಮನೆತನಗಳು ತಾವೇ ಕರೆಯುವವರಾದುವು. ಈ ಸುಧಾರಣೆ ಎಲ್ಲರನ್ನೂ ಮುಟ್ಟಿತೆಂದು ಹೇಳಲಾಗದು. ಭೂಹೀನರಿಗೆ ಎಳ್ಳಮಾವಾಸ್ಯೆ ಇಂದಿಗೂ ಆಮಂತ್ರಣದ ಹಬ್ಬವೇ. ನೆರೆಹೊರೆಯ ಮುಸಲ್ಮಾನ ರೈತರು ಹಿಂದೂ ಗೆಳೆಯರ ಹೊಲಗಳಲ್ಲಿ ಉಣ್ಣುವುದು ಮಾತ್ರ, ಲಾಡ್ಲೇ ಮಶಾಯಿಕರ ದರ್ಗೆಯಿರುವ ಆಳಂದದ ಸೀಮೆಯಲ್ಲಿ ಯಾರೂ ಎತ್ತಿ ಹೇಳದಷ್ಟು ಸಹಜವಾದ ಸಂಗತಿ.

ಸಹಭೋಜನದ ಮೂಲಕ ಸಮಾಜದ ಕಟ್ಟು ಬದಲಾದುದಕ್ಕೆ ಪ್ರಪಂಚದಲ್ಲಿ ಪ್ರಸಿದ್ಧವಾದ ನಿದರ್ಶನ ಹವಾಯಿ ದ್ವೀಪಗಳದು. ಅಲ್ಲಿ ಸ್ತ್ರೀಪುರುಷರು ಒಟ್ಟಿಗೆ ಉಣ್ಣುವುದು ನಿಷಿದ್ಧವಾಗಿದ್ದು, ಹಂದಿಯ ಮಾಂಸ, ತೆಂಗಿನಕಾಯಿ ಮೊದಲಾದುವು ಹೆಂಗಸರಿಗೆ ವರ್ಜ್ಯವಾಗಿದ್ದುವು. 1819ರಲ್ಲಿ ಎರಡನೆಯ ಕಮೆಹಮೆಹ ರಾಜನು ರಾಣಿವಾಸದ ಹಿರಿಯ ಸ್ತ್ರೀಯರೊಡನೆ ಬಹಿರಂಗವಾಗಿ ಕುಳಿತುಂಡು ಆ ವಿಧಿಯನ್ನು ಮುರಿದನು. ನೆಲದೊಳಗಿನ ಕುಳಿಯಲ್ಲಿ ಕಾದ ಕಲ್ಲುಗಳ ಮೇಲೆ ಹಂದಿಯನ್ನು ಬೇಯಿಸಿ, ಕೆಸುವಿನ ಎಲೆಯ ಭಕ್ಷ್ಯಗಳೊಡನೆ ಎಲ್ಲರೂ ಒಟ್ಟಾಗಿ ಉಣ್ಣುವ ಲೂಆವು ಆ ನಾಡಿನ ಹೆಸರಾದ ಔತಣ. 1959ರಲ್ಲಿ ಹವಾಯಿ ಅಮೆರಿಕದ ರಾಜ್ಯವಾಗಿ, ಜೆಟ್ ವಿಮಾನಗಳು ಪ್ರವಾಸಿಗಳನ್ನು ಹೊತ್ತು ತರತೊಡಗಿದ ಮೇಲೆ, ಅದಕ್ಕೆ ಕುಟುಂಬದ ಅಂಗಳದ ಜೊತೆಗೆ ಹೋಟೆಲುಗಳ ಸಮುದ್ರತೀರದ ರಂಗಸ್ಥಳವೂ ಒದಗಿತು. ರಜೆಗೆ ಬಂದ ಸಂಸಾರಗಳು ಹಣ ತೆತ್ತು, ಕೊರಳಿಗೆ ಹೂಮಾಲೆ ಹಾಕಿಸಿಕೊಂಡು, ಹೂಲಾ ನೃತ್ಯ ನೋಡುತ್ತ ಉಣ್ಣುತ್ತವೆ. ಎಳ್ಳಮಾವಾಸ್ಯೆಗೂ ರಜೆಯ ಪ್ರವಾಸಕ್ಕೂ ನಂಟು ಬೆಳೆದಿದೆ. ಆದರೆ ಅದರ ದಿಕ್ಕು ವಿಲೋಮವಾದುದು. ಇಲ್ಲಿ ಪ್ರಯಾಣ ಮಾಡಿ ಬರುವವರು ಅನ್ಯರಲ್ಲ, ಮನೆಯವರೇ.

ಮನೆಯವರು ಹೀಗೆ ದುಡಿಮೆಗಾಗಿ ಊರು ಬಿಟ್ಟು ಹೋಗುವ ವಲಸೆಗೆ ಆರಂಭ ಹಳೆಯದು. 1871ರಲ್ಲಿ ಮುಂಬಯಿ–ಮದರಾಸು ರೈಲುಮಾರ್ಗ ಕಲಬುರಗಿಯ ಮೂಲಕ ಕೂಡಿಕೊಂಡ ಮೇಲೆ ಸೊಲ್ಲಾಪುರದ ಗಿರಣಿಗಳೂ ಮುಂಬಯಿಯೂ ದೂರವಾಗಿ ಉಳಿಯಲಿಲ್ಲ. 1972ರ ಬರಗಾಲದ ದಿನಗಳಲ್ಲಿಯೂ, ಅನಂತರವೂ, ಪುಣೆ, ಹೈದರಾಬಾದು, ಬೆಂಗಳೂರುಗಳಿಗೆ ದುಡಿಯಹೋದವರ ಸಂಖ್ಯೆ ಏರುತ್ತಲೇ ಬಂದಿತು. ದೀಪಾವಳಿಗೆ ಬಾರದವನೂ ಎಳ್ಳಮಾವಾಸ್ಯೆಗೆ ಬರುವನೆಂದು ಹಳ್ಳಿಯ ಹಿರಿಯರು ಹೇಳುವುದುಂಟು. ಬಂದ ಮಕ್ಕಳಿಗೆ ಅಜ್ಜಿ ಹಸಿ ಕಡಲೆಗಿಡವನ್ನು ಕಿತ್ತುಕೊಟ್ಟು ಸುಲಿಯಲು ಕಲಿಸುತ್ತಾಳೆ. ಕಾಳು ಬಲಿತ ವರ್ಷಗಳಲ್ಲಿ ಜೋಳದ ತೆನೆಯನ್ನು ಕೆಂಡದಲ್ಲಿ ಸುಟ್ಟು, ಬಡಿದು, ತೂರಿ, ಬಿಸಿಬಿಸಿಯಾದ ಸೀತನಿಯನ್ನು ಶೇಂಗಾ ಹಿಂಡಿಯೊಡನೆ ಅವರ ಅಂಗೈಗೆ ಸುರಿಯುವರು. ಗಿಡಕ್ಕೆ ಜೋಕಾಲಿ ಬೀಳುತ್ತದೆ. ಸಿಂಗರಿಸಿದ ಎತ್ತಿನ ಬಂಡಿಯ ಸ್ಥಾನದಲ್ಲಿ ಈಗ ಹೆಚ್ಚಾಗಿ ಟ್ರ್ಯಾಕ್ಟರೂ ಕಾರೂ ಬಂದಿವೆ. ಕೊರಳ ಗಂಟೆಯ ನಾದವನ್ನು ನೆನೆದು ನಿಟ್ಟುಸಿರಿಡುವವರು ಉಂಟಾದರೂ, ಅಡಿಗೆಯ ಬುಟ್ಟಿಗಳನ್ನು ತಲೆಯ ಮೇಲೆ ಹೊರುತ್ತಿದ್ದ ಹೆಂಗಸರಾರೂ ಹಾಗೆ ನಿಟ್ಟುಸಿರಿಡುವರೆಂದು ತೋರದು.

ಹಬ್ಬಕ್ಕೆ ನಿಜವಾದ ಸಂಕಟ ಬಂದಿರುವುದು ಬೆಳೆಯ ಕಡೆಯಿಂದ. ಆಳಂದ ತಾಲ್ಲೂಕಿನ ಕೊರಳ್ಳಿಯಲ್ಲಿ ಅಮರ್ಜಾ ಜಲಾಶಯವೂ, ಅಫಜಲಪುರ ತಾಲ್ಲೂಕಿನ ಸೊನ್ನದಲ್ಲಿ ಭೀಮೆಗೆ ಬ್ಯಾರೇಜೂ ಆದ ಮೇಲೆ ನೀರಾವರಿಗೆ ಒಳಪಟ್ಟ ಹೊಲಗಳಲ್ಲಿ ಕಬ್ಬು ಹಬ್ಬಿತು. ನೀರು ಕಾಣದ ಎರೆಯಲ್ಲಿ, 2019ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಪಡೆದ ತೊಗರಿಯೂ, ಅದರ ಬೆನ್ನಿಗೆ ಹತ್ತಿಯೂ ಜೋಳದ ಪಾಲನ್ನು ಕಿರಿದುಗೊಳಿಸಿದುವು. ಭೀಮೆ ಮುನಿದ ವರ್ಷಗಳ ಮಾತು ಬೇರೆ. 2020ರ ಅಕ್ಟೋಬರಿನ ಮಹಾಪೂರದಲ್ಲಿ ಅಫಜಲಪುರ, ಜೇವರ್ಗಿಗಳ ದಂಡೆಯ ಹಳ್ಳಿಗಳು ನಿಂತ ಬೆಳೆಯನ್ನೇ ಕಳೆದುಕೊಂಡುವು. ಕಬ್ಬಿನ ನಡುವೆ ಕಂಬಳಿ ಹಾಸಿ ಪಂಕ್ತಿ ಕೂಡುವುದು ಅಸಾಧ್ಯ. ಆಳೆತ್ತರದ ಆ ಪೈರಿನಲ್ಲಿ ಮುಂದೆ ಹೋದವನ ಕೂಗಿಗೆ ಹಿಂದಿನವನು ಓಗೊಡುವುದಿರಲಿ, ಅವನನ್ನು ಕಾಣುವುದೇ ಕಷ್ಟ. ಹೀಗಾಗಿ ಕಬ್ಬು ಹಾಕಿದವನು ಬದುವಿನ ಮೇಲೆ ನಿಂತೇ ಚರಗ ಚೆಲ್ಲಿ, ಊಟದ ಗಂಟು ಹೊತ್ತುಕೊಂಡು, ಇನ್ನೂ ಒಂದೆರಡು ಎಕರೆ ಬಿಳಿಜೋಳ ಉಳಿಸಿಕೊಂಡಿರುವ ದಾಯಾದಿಯ ಹೊಲವನ್ನು ಅರಸುವುದುಂಟು.