ಒಂದೇ ಸ್ವರಲಿಪಿ, ಬೇರೆ ಬೇರೆ ಕೈ

ಮುಂಬಯಿಯ ಪಿಟೀಲುವಾದಕ ಮೆಹ್ಲಿ ಮೆಹ್ತಾ 1935ರಲ್ಲಿ ಬಾಂಬೆ ಸಿಂಫನಿ ಆರ್ಕೆಸ್ಟ್ರಾ ಕಟ್ಟಿದರು. ಮರುವರ್ಷ ಹುಟ್ಟಿದ ಮಗ ಜುಬಿನ್ ಕೇಳುತ್ತ ಬೆಳೆದದ್ದು ಆ ವಾದ್ಯವೃಂದದ ತಾಲೀಮು ಮತ್ತು ಅಪ್ಪನ ಗ್ರಾಮಫೋನ್ ತಟ್ಟೆಗಳನ್ನು. ಯುರೋಪಿನ ದೊಡ್ಡ ವೃಂದಗಳು ಆ ಹುಡುಗನಿಗೆ ಸಿಕ್ಕಿದ್ದು ತಟ್ಟೆಯ ಮೇಲೆ ಮಾತ್ರ. 1954ರಲ್ಲಿ, 18ರ ವಯಸ್ಸಿನಲ್ಲಿ, ಅವರು ಓದಲು ವಿಯೆನ್ನಾಕ್ಕೆ ಹೊರಟರು.

ತಟ್ಟೆಯಿಂದ ಕಲಿತವರಿಗೆ ಒಂದು ತೊಡಕು ಇದ್ದೇ ಇರುತ್ತದೆ. ಮನೆಯಲ್ಲಿರುವುದು ಒಂದೇ ತಟ್ಟೆಯಾದರೆ ಅದರಲ್ಲಿರುವುದೇ ಕೃತಿ ಎನಿಸಿಬಿಡುತ್ತದೆ. ಬೇರೆಯವರು ತುಸು ನಿಧಾನವಾಗಿ ನುಡಿಸಿದರೆ ತಪ್ಪಿದರೆಂದು ತೋರುತ್ತದೆ. ಈ ಭ್ರಮೆ ಎಷ್ಟು ಪೊಳ್ಳು ಎಂಬುದನ್ನು ಜುಬಿನ್ ಮೆಹ್ತಾ ಮುಂದೆ ಸಂಚಾಲಕರಾಗಿ ಮಾಡಿದ ಧ್ವನಿಮುದ್ರಣಗಳೇ ಹೇಳುತ್ತವೆ. ವೃಂದದ ಮುಂದೆ ನಿಂತವರು ಅವರೊಬ್ಬರೇ. ಪಿಯಾನೊ ಮುಂದೆ ಕುಳಿತವರು ಬದಲಾಗುತ್ತ ಹೋದರು.

ಬ್ರಾಮ್ಸ್‌ನ ಮೊದಲ ಪಿಯಾನೊ ಕನ್ಸರ್ಟೊವನ್ನೇ ನೋಡಬಹುದು. 1859ರ ಜನವರಿಯಲ್ಲಿ ಬ್ರಾಮ್ಸ್ ಸ್ವತಃ ಅದನ್ನು ನುಡಿಸಿದಾಗ ಲೈಪ್‌ಜಿಗ್‌ನ ಶ್ರೋತೃಗಳು ಹಿಸ್ ಎಂದು ಮೂದಲಿಸಿದ್ದರು. 1962ರಲ್ಲಿ ನ್ಯೂಯಾರ್ಕ್‌ನಲ್ಲಿ ಗ್ಲೆನ್ ಗೂಲ್ಡ್ ಅದನ್ನು ತೀರ ವಿಳಂಬದಲ್ಲಿ ನುಡಿಸಲು ಹೊರಟರು. ಸಂಚಾಲಕ ಲೆನರ್ಡ್ ಬರ್ನ್‌ಸ್ಟೈನ್ ಕಛೇರಿಗೆ ಮೊದಲೇ ಸಭೆಯ ಮುಂದೆ ನಿಂತು, ಈ ಕಲ್ಪನೆಗೆ ತಮ್ಮ ಸಮ್ಮತಿ ಇಲ್ಲವೆಂದು ಹೇಳಿದರು. ಹೇಳಿದ ಮೇಲೂ ಜೊತೆಗೆ ನಿಂತು ನಡೆಸಿಕೊಟ್ಟರು.

1976ರಲ್ಲಿ ಇಸ್ರೇಲ್ ಫಿಲ್ಹಾರ್ಮೊನಿಕ್ ಜೊತೆ ಮೆಹ್ತಾ ಇದೇ ಕೃತಿಯನ್ನು ಮುದ್ರಿಸಿದಾಗ ಪಿಯಾನೊ ನುಡಿಸಿದವರು ಆರ್ತರ್ ರೂಬಿನ್‌ಸ್ಟೈನ್. ಅವರಿಗಾಗ 89 ವರ್ಷ, ಕಣ್ಣು ಬಹುಪಾಲು ಮಂಜಾಗಿತ್ತು. 1954ರಲ್ಲಿ ಫ್ರಿಟ್ಸ್ ರೈನರ್ ಜೊತೆ ಅವರೇ ನುಡಿಸಿದ ಮುದ್ರಿಕೆಯ ಪಕ್ಕದಲ್ಲಿಟ್ಟರೆ ಇಲ್ಲಿ ಬೀಸು ಕಡಿಮೆ, ಹರಹು ಹೆಚ್ಚು. ನ್ಯೂಯಾರ್ಕ್ ಫಿಲ್ಹಾರ್ಮೊನಿಕ್ ಜೊತೆ ಮೆಹ್ತಾ ಈ ಕೃತಿಯನ್ನು ಮತ್ತೆ ಮುದ್ರಿಸಿದಾಗ ಡ್ಯಾನಿಯಲ್ ಬಾರೆನ್‌ಬೋಯಿಮ್ ಕುಳಿತಿದ್ದರು. ಅವರು ಸ್ವತಃ ಸಂಚಾಲಕರೂ ಹೌದು; ಅವರ ಕೈಯಲ್ಲಿ ಪಿಯಾನೊ ವೃಂದದೊಳಗಿನ ಇನ್ನೊಂದು ದನಿಯಂತೆ ಬೆರೆಯುತ್ತದೆ. 1978ರ ಸೆಪ್ಟೆಂಬರಿನಲ್ಲಿ ರಖ್ಮಾನಿನಾಫ್‌ನ ಮೂರನೆಯ ಕನ್ಸರ್ಟೊಗೆ ಮೆಹ್ತಾ ಜೊತೆ ಬಂದ ವ್ಲಾದಿಮೀರ್ ಹೊರೊವಿಟ್ಸ್ ಇದಕ್ಕೆ ತದ್ವಿರುದ್ಧ: ಎಡಗೈಯ ಗುಡುಗು, ಒಮ್ಮೆಲೇ ತೆಳುವಾಗುವ ನಾದ, ವೃಂದವೇ ಬೆನ್ನಟ್ಟಬೇಕಾದ ಲಯ.

ಶೊಪಾನ್‌ನಲ್ಲಿ ವ್ಯತ್ಯಾಸ ಇನ್ನೂ ಸೂಕ್ಷ್ಮ. ಎಡಗೈ ಲಯ ಬಿಡಬಾರದು, ಬಲಗೈ ಹಾಡುವಾಗ ಹಿಂದುಮುಂದಾಗಬಹುದು ಎಂದು ಆತ ಕಲಿಸುತ್ತಿದ್ದುದನ್ನು ಶಿಷ್ಯರು ಬರೆದಿಟ್ಟಿದ್ದಾರೆ. ತಬಲದ ಠೇಕಾ ಒಂದೇ ಸಮ ನಡೆಯುವಾಗ ಗಾಯಕ ಮಾತ್ರೆಯಿಂದ ಜಾರಿ ಸಮಕ್ಕೆ ಬಂದು ಸೇರುವುದನ್ನು ಕಂಡವರಿಗೆ ಇದು ಹೊಸದಲ್ಲ. ಮರೆ ಪೆರಾಯಾ ಮೆಹ್ತಾ ಜೊತೆ ನುಡಿಸಿದ ಇ ಮೈನರ್ ಕನ್ಸರ್ಟೊದಲ್ಲಿ ಈ ಜಾರುವಿಕೆ ಮಿತವಾಗಿದೆ, ಸಾಲು ಮುರಿಯುವುದಿಲ್ಲ. 2008ರಲ್ಲಿ ವಿಯೆನ್ನಾ ಫಿಲ್ಹಾರ್ಮೊನಿಕ್ ಮುಂದೆ ಲಾಂಗ್ ಲಾಂಗ್ ಅದೇ ಸಾಲನ್ನು ನಿಲ್ಲಿಸಿ, ಎಳೆದು, ಬಣ್ಣ ಹಚ್ಚುತ್ತಾರೆ. ಸ್ವರ ಒಂದೂ ಬದಲಾಗಿಲ್ಲ.

ಕನ್ನಡದ ಕಿವಿಗೆ ಇದನ್ನು ಒಪ್ಪುವುದು ಕಷ್ಟವಾಗಬಾರದು. ಧಾರವಾಡದ ಮಲ್ಲಿಕಾರ್ಜುನ ಮನ್ಸೂರರು ಇದೇ ಮುಂಬಯಿಯಲ್ಲಿ ಮಂಜಿ ಖಾನರಿಂದ ಜೈಪುರ ಅತ್ರೌಳಿ ಘರಾಣೆಯ ಪಾಠ ಕಲಿತರು. ಅವರ ಯಮನ್ ಕೇಳಿ ಭೀಮಸೇನ ಜೋಶಿಯವರದು ತಪ್ಪೆಂದು ಯಾರೂ ಹೇಳುವುದಿಲ್ಲ. ಬರೆದಿಟ್ಟ ಸಂಗೀತದಲ್ಲಿ ಅಷ್ಟು ಜಾಗವಿಲ್ಲ ಎಂಬುದು ಹೊರಗಿನಿಂದ ನೋಡುವವರ ಅನಿಸಿಕೆ. ಜಾಗ ಇದೆ, ಕಿರಿದಾಗಿದೆ. ಆದ್ದರಿಂದಲೇ ಒಂದು ಕ್ಷಣದ ತಡವೂ ದೊಡ್ಡದಾಗಿ ಕೇಳುತ್ತದೆ.

1994ರಲ್ಲಿ ಮೆಹ್ತಾ ಇಸ್ರೇಲ್ ಫಿಲ್ಹಾರ್ಮೊನಿಕ್ ಅನ್ನು ಮುಂಬಯಿಗೆ ಕರೆತಂದರು. 2006ರಿಂದ ನರಿಮನ್ ಪಾಯಿಂಟ್‌ನ ಎನ್‌ಸಿಪಿಎಯಲ್ಲಿ ಸಿಂಫನಿ ಆರ್ಕೆಸ್ಟ್ರಾ ಆಫ್ ಇಂಡಿಯಾ ಇದೆ. ಆದರೂ ಈ ದೇಶದ ಹೆಚ್ಚಿನ ಊರುಗಳಲ್ಲಿ ಬ್ರಾಮ್ಸ್ ಇಂದಿಗೂ ಮುದ್ರಿಕೆಯಲ್ಲೇ ಸಿಗುತ್ತಾನೆ. ಹಾಗೆ ಕೇಳುವವರು ಒಂದನ್ನು ಕೇಳಿ ಮುಗಿಸಿದ ಮೇಲೆ ಅದೇ ಕೃತಿಯ ಇನ್ನೊಂದನ್ನೂ ಹಾಕಿಕೊಂಡರೆ, ಕೃತಿ ಎಲ್ಲಿ ಮುಗಿದು ಕಲಾವಿದ ಎಲ್ಲಿ ಶುರುವಾಗುತ್ತಾನೆ ಎಂಬುದು ತಿಳಿಯತೊಡಗುತ್ತದೆ.