ಎಗ್ ದ್ವೀಪ: ಕುಲವೈರ ಮತ್ತು ಭೂ ಒಡೆತನದ ಇತಿಹಾಸ

ಸ್ಕಾಟ್ಲೆಂಡಿನ ಪಶ್ಚಿಮ ಕರಾವಳಿಯಾಚೆ, ಸ್ಕೈ ದ್ವೀಪದ ದಕ್ಷಿಣಕ್ಕೆ, ‘ಸ್ಮಾಲ್ ಐಲ್ಸ್’ ಎಂಬ ದ್ವೀಪಗುಚ್ಛದಲ್ಲಿ ಎಗ್ ಇದೆ. ಉದ್ದ ಸುಮಾರು 9 ಕಿ.ಮೀ., ಅಗಲ 5 ಕಿ.ಮೀ. ಇದರ ದಕ್ಷಿಣ ಭಾಗದಲ್ಲಿ 393 ಮೀಟರ್ ಎತ್ತರದ ಆನ್ ಸ್ಗೂರ್ ಎಂಬ ಕರಿಬಂಡೆಯ ಏಣು ಗೋಡೆಯಂತೆ ಎದ್ದು ನಿಂತಿದೆ. ದ್ವೀಪ ಚಿಕ್ಕದಾದರೂ ಸ್ಕಾಟಿಷ್ ಹೈಲ್ಯಾಂಡ್ಸ್‌ನ ಭೂಮಿಯ ಕಥೆಯನ್ನು ಇಷ್ಟು ಪೂರ್ತಿಯಾಗಿ ಹೇಳುವ ಸ್ಥಳ ಬೇರೆ ಸಿಗುವುದು ಕಷ್ಟ.

14ನೇ ಶತಮಾನದಿಂದ ಎಗ್, ಮ್ಯಾಕ್‌ಡೊನಾಲ್ಡ್ ವಂಶದ ಕ್ಲಾನ್‌ರಾನಾಲ್ಡ್ ಶಾಖೆಯ ಕೈಯಲ್ಲಿತ್ತು. ಈ ವಂಶದ ಹಿರಿಯ ಮನೆತನ ‘ದ್ವೀಪಗಳ ಒಡೆಯರು’ ಎಂಬ ಬಿರುದಿನಿಂದ ಪಶ್ಚಿಮ ಕಡಲನ್ನೆಲ್ಲ ಆಳುತ್ತಿತ್ತು. 1493ರಲ್ಲಿ ಸ್ಕಾಟ್ಲೆಂಡಿನ ದೊರೆ ಆ ಒಡೆತನವನ್ನು ಮುಟ್ಟುಗೋಲು ಹಾಕಿಕೊಂಡ. ಕುಲಗಳನ್ನು ಹತೋಟಿಯಲ್ಲಿಡುವ ಹಿರಿಯ ಕೈ ಇಲ್ಲವಾದ ಮೇಲೆ ಹಗೆಗಳು ಹೊತ್ತಿಕೊಂಡವು.

ಅವುಗಳಲ್ಲಿ ಅತ್ಯಂತ ಘೋರವಾದುದು ನಡೆದದ್ದು ಎಗ್‌ನಲ್ಲೇ, 1577ರ ಸುಮಾರಿಗೆ. ಐತಿಹ್ಯದ ಪ್ರಕಾರ ಸ್ಕೈನ ಮ್ಯಾಕ್‌ಲಿಯಡ್ ಕುಲದ ಕೆಲವರು ಇಲ್ಲಿಗೆ ಬಂದು ಹೆಣ್ಣುಮಕ್ಕಳ ಮೇಲೆ ಕೈಮಾಡಿದರು. ದ್ವೀಪದವರು ಅವರ ಕೈಕಾಲು ಕಟ್ಟಿ ದೋಣಿಯಲ್ಲಿ ಕಡಲಿಗೆ ತಳ್ಳಿದರು. ಅವರು ಬದುಕಿ ಊರು ಸೇರಿದರು. ಸೇಡು ತೀರಿಸಲು ಬಂದ ಮ್ಯಾಕ್‌ಲಿಯಡ್ ದೋಣಿಗಳನ್ನು ಕಂಡು ಎಗ್‌ನ ಜನ ದಕ್ಷಿಣ ತೀರದ ‘ಫ್ರಾನ್ಸಿಸನ ಗುಹೆ’ಯೊಳಗೆ ಅಡಗಿದರು. ಅದರ ಬಾಯಿ ತೀರ ಕಿರಿದು, ತೆವಳಿಕೊಂಡೇ ನುಸುಳಬೇಕು. ಒಳಗೆ ಮಾತ್ರ ಹಿಗ್ಗಿದ ಕತ್ತಲೆ. ಹುಡುಕಿ ಬೇಸತ್ತ ಶತ್ರುಗಳು ಹೊರಟಿದ್ದರಂತೆ. ಇಣುಕಿ ನೋಡಲು ಹೊರಬಂದ ಒಬ್ಬನ ಹೆಜ್ಜೆಗುರುತು ಹಿಮದಲ್ಲಿ ಮೂಡಿ, ಅದೇ ದಾರಿ ತೋರಿಸಿತು. ಗುಹೆಯ ಬಾಯಿಗೆ ಹುಲ್ಲು, ಕುರುಚಲು ಒಟ್ಟಿ ಬೆಂಕಿ ಇಟ್ಟರು. ಒಳಗಿದ್ದವರೆಲ್ಲ ಹೊಗೆಗೆ ಉಸಿರುಗಟ್ಟಿ ಸತ್ತರು. ಅದೇ ಶತಮಾನದ ಒಂದು ವರದಿ ಸತ್ತವರ ಸಂಖ್ಯೆಯನ್ನು 395 ಎಂದು ಬರೆದಿದೆ.

ಸಂಖ್ಯೆ ಎಷ್ಟೇ ಇರಲಿ, ಗುಹೆಯಲ್ಲಿ ಮೂಳೆಗಳಿದ್ದದ್ದು ನಿಜ. 1814ರಲ್ಲಿ ಬಂದ ಕಾದಂಬರಿಕಾರ ವಾಲ್ಟರ್ ಸ್ಕಾಟ್ ಒಂದು ತಲೆಬುರುಡೆಯನ್ನು ಎತ್ತಿಕೊಂಡೇ ಹೋದ. ಭೂವಿಜ್ಞಾನಿ ಹ್ಯೂ ಮಿಲ್ಲರ್ 1840ರ ದಶಕದಲ್ಲಿ ಅಲ್ಲಿ ಮೂಳೆಗಳನ್ನು ಕಂಡು ದಾಖಲಿಸಿದ. 2016ರಲ್ಲೂ ಅಲ್ಲಿ ಹಳೆಯ ಮಾನವ ಮೂಳೆಗಳು ಸಿಕ್ಕವು.

ಹಗೆ ಅಲ್ಲಿಗೆ ಮುಗಿಯಲಿಲ್ಲ. ಮರುವರ್ಷ ಊಯಿಸ್ಟ್ ದ್ವೀಪದ ಮ್ಯಾಕ್‌ಡೊನಾಲ್ಡರು ಸ್ಕೈನ ಟ್ರಂಪನ್ ಚರ್ಚಿಗೆ, ಪ್ರಾರ್ಥನೆಗೆ ಸೇರಿದ್ದವರ ಸಮೇತ ಬೆಂಕಿ ಇಟ್ಟರೆಂದು ಐತಿಹ್ಯ. 1588ರಲ್ಲಿ ಮ್ಯಾಕ್‌ಡೊನಾಲ್ಡರ ಇನ್ನೊಬ್ಬ ವೈರಿಯಾದ ಡುವರ್ಟ್‌ನ ಮ್ಯಾಕ್‌ಲೀನ್ ನಾಯಕ, ಟೋಬರ್‌ಮೊರಿಯಲ್ಲಿ ಲಂಗರು ಹಾಕಿದ್ದ ಸ್ಪೇನಿನ ನೌಕೆಯ ಸೈನಿಕರನ್ನು ಕರೆತಂದು ಎಗ್ ಸಹಿತ ಸುತ್ತಲ ದ್ವೀಪಗಳನ್ನು ಸುಟ್ಟ.

ಆದರೆ ಗಮನಿಸಬೇಕಾದ ಸಂಗತಿ ಬೇರೆಯೇ ಇದೆ: ಇಷ್ಟೆಲ್ಲ ಕೊಲೆಯಾದರೂ ಎಗ್‌ನಲ್ಲಿ ಮತ್ತೆ ಒಲೆಗಳು ಹೊತ್ತಿದವು, 1841ರ ಹೊತ್ತಿಗೆ ಜನಸಂಖ್ಯೆ ಐನೂರು ದಾಟಿತ್ತು. ದ್ವೀಪವನ್ನು ಬರಿದು ಮಾಡಿದ್ದು ಕತ್ತಿಯಲ್ಲ, ಕಾಗದ.

ಗೇಲಿಕ್ ಭಾಷೆಯಲ್ಲಿ ನೆಲದ ನಂಟಿಗೆ ಎರಡು ಪದಗಳಿವೆ. ‘ದೂಖಸ್’ ಎಂದರೆ ತಲೆತಲಾಂತರದಿಂದ ಬಾಳಿದ ನೆಲದ ಮೇಲೆ ಇಡೀ ಕುಲಕ್ಕಿರುವ ಹಕ್ಕು. ‘ಓಯ್ರಖ್ಕ್’ ಎಂದರೆ ದೊರೆಯ ಸನದಿನಿಂದ ಬಂದ ಪಿತ್ರಾರ್ಜಿತ ಆಸ್ತಿ. ಒಕ್ಕಲು ಮೊದಲನೆಯದನ್ನು ನಂಬಿದ್ದರೆ, ಕಾನೂನು ಎರಡನೆಯದನ್ನು ಮಾತ್ರ ಗುರುತಿಸಿತು. 1597ರ ಕಾಯಿದೆ ಕುಲನಾಯಕರಿಗೆ ಹಕ್ಕುಪತ್ರ ಹಾಜರುಪಡಿಸಲು ಹೇಳಿತು. 1609ರ ಅಯೋನಾ ಕಟ್ಟಳೆಗಳು ಅವರ ಮಕ್ಕಳನ್ನು ಇಂಗ್ಲಿಷ್ ಶಾಲೆಗೆ ಕಳುಹಿಸಿದವು. 1746ರಲ್ಲಿ ದೊರೆಯ ವಿರುದ್ಧ ದಂಗೆಯೆದ್ದ ಕುಲಗಳು ಕಲ್ಲೋಡನ್ ಕಾಳಗದಲ್ಲಿ ಸೋತ ಬಳಿಕ ಎಗ್‌ನ ಮೂವತ್ತಕ್ಕೂ ಹೆಚ್ಚು ಗಂಡಸರನ್ನು ಹಿಡಿದೊಯ್ದರು. ನಾಯಕರ ನ್ಯಾಯಾಧಿಕಾರವೂ ರದ್ದಾಯಿತು. ಕುಲದ ತಂದೆಯಂತಿದ್ದವನು ಬರೀ ಜಮೀನ್ದಾರನಾದ.

ಕಡಲಕಳೆ ಸುಟ್ಟು ಬೂದಿ ಮಾರುವ ಕಸುಬು ಸ್ವಲ್ಪ ಕಾಲ ಜಮೀನ್ದಾರರಿಗೆ ಹಣ ತಂದಿತು. ನೆಪೋಲಿಯನ್ ಯುದ್ಧಗಳು ಮುಗಿದ ಮೇಲೆ ಅದರ ಬೆಲೆ ಕುಸಿಯಿತು. ಸಾಲದಲ್ಲಿ ಮುಳುಗಿದ ಕ್ಲಾನ್‌ರಾನಾಲ್ಡ್ ನಾಯಕ 1820ರ ದಶಕದ ಕೊನೆಯಲ್ಲಿ ಎಗ್ ಅನ್ನು ಡಾ. ಹ್ಯೂ ಮ್ಯಾಕ್‌ಫರ್ಸನ್‌ಗೆ ಮಾರಿದ. ಜನರ ಸಮೇತ ಮಾರಾಟವಾದ ನೆಲ ಅದು. ಅವರನ್ನು ಯಾರೂ ಕೇಳಲಿಲ್ಲ.

1853ರಲ್ಲಿ ಸ್ಗೂರ್ ಬಂಡೆಯ ಬುಡದ ಗ್ರೂಲಿನ್ ಗ್ರಾಮವನ್ನು ಕುರಿ ಸಾಕಣೆಗಾಗಿ ಒಕ್ಕಲೆಬ್ಬಿಸಲಾಯಿತು. ಹೆಚ್ಚಿನ ಕುಟುಂಬಗಳು ಕೆನಡಾದ ನೋವಾ ಸ್ಕೋಷಿಯಾಕ್ಕೆ ಹಡಗು ಹತ್ತಿದವು. ಅವರ ಮನೆಗಳ ಕಲ್ಲುಗೋಡೆಗಳು ಇಂದಿಗೂ ಸೂರಿಲ್ಲದೆ ನಿಂತಿವೆ. ಗೇಣಿದಾರರಿಗೆ ಭದ್ರತೆ ಕೊಟ್ಟ ಕ್ರಾಫ್ಟರ್ಸ್ ಕಾಯಿದೆ ಬಂದದ್ದು 1886ರಲ್ಲಿ. ಗ್ರೂಲಿನ್‌ನವರ ಪಾಲಿಗೆ ಅದು ಮೂರು ದಶಕ ತಡ.

ಆಮೇಲೆ ದ್ವೀಪ ಕೈಯಿಂದ ಕೈಗೆ ಹೋಯಿತು. 1925ರಿಂದ 1966ರವರೆಗೆ ಇಟ್ಟುಕೊಂಡಿದ್ದ ರನ್ಸಿಮನ್ ಕುಟುಂಬದ ಕಾಲವನ್ನು ಸ್ಥಿರತೆಯ ಕಾಲವೆನ್ನಬಹುದು. 1975ರಲ್ಲಿ ಉದ್ಯಮಿ ಕೀತ್ ಶೆಲನ್‌ಬರ್ಗ್ ಕೊಂಡರು; 1995ರಲ್ಲಿ ಅದು ಮರೂಮಾ ಎಂಬ ಜರ್ಮನ್ ಕಲಾವಿದನ ಪಾಲಾಗಿ, ಮರುವರ್ಷವೇ ಮತ್ತೆ ಮಾರಾಟಕ್ಕೆ ಬಂತು. ಅಷ್ಟರಲ್ಲಿ ಉಳಿದಿದ್ದವರು ಅರವತ್ತೈದರಷ್ಟು ಜನ. 1993ರಲ್ಲಿ ಹೈಲ್ಯಾಂಡ್ಸ್‌ನಲ್ಲೇ ಇರುವ ಅಸಿಂಟ್‌ನ ರೈತರು ತಮ್ಮ ನೆಲವನ್ನು ತಾವೇ ಕೊಂಡಿದ್ದರು. ಎಗ್‌ನವರೂ ಟ್ರಸ್ಟ್ ಕಟ್ಟಿ ಚಂದಾ ಎತ್ತಿದರು. ಬಹುಪಾಲು ಹಣವನ್ನು ಹೆಸರು ಹೇಳದ ಒಬ್ಬ ದಾನಿ ಕೊಟ್ಟರು. ಸುಮಾರು 15 ಲಕ್ಷ ಪೌಂಡ್ ತೆತ್ತು, 1997ರ ಜೂನ್ 12ರಂದು ದ್ವೀಪ ಅಲ್ಲಿನ ನಿವಾಸಿಗಳು, ಹೈಲ್ಯಾಂಡ್ ಕೌನ್ಸಿಲ್ ಮತ್ತು ಸ್ಕಾಟಿಷ್ ವೈಲ್ಡ್‌ಲೈಫ್ ಟ್ರಸ್ಟ್ ಸೇರಿ ನಡೆಸುವ ಎಗ್ ಹೆರಿಟೇಜ್ ಟ್ರಸ್ಟಿನ ವಶವಾಯಿತು. ಇಂಥ ಖರೀದಿಗೆ ಸಮುದಾಯಗಳಿಗೆ ಕಾನೂನಿನ ಹಕ್ಕು ದೊರೆತದ್ದು 2003ರ ಭೂ ಸುಧಾರಣಾ ಕಾಯಿದೆಯಿಂದ.

2008ರಲ್ಲಿ ದ್ವೀಪ ತನ್ನದೇ ವಿದ್ಯುತ್ ಜಾಲ ಕಟ್ಟಿಕೊಂಡಿತು: ಗಾಳಿ, ತೊರೆ ನೀರು, ಬಿಸಿಲಿನಿಂದ. ಅದಕ್ಕೂ ಮುಂಚೆ ಮನೆಮನೆಗೂ ಡೀಸೆಲ್ ಜನರೇಟರ್ ಇತ್ತು. ಈಗ ಒಂದು ಮನೆ ಒಂದು ಹೊತ್ತಿಗೆ 5 ಕಿಲೋವ್ಯಾಟ್‌ಗಿಂತ ಹೆಚ್ಚು ಬಳಸುವಂತಿಲ್ಲ. ಈ ಮಿತಿಯನ್ನು ದ್ವೀಪದವರು ತಾವೇ ಹಾಕಿಕೊಂಡಿದ್ದಾರೆ.